ಎಲ್ಲರಿಗೂ ಒಂದೇ ಲೈಬ್ರರಿ: ಚಿಕ್ಕ ಭಾಷೆಯೊಂದರ ಸ್ಟ್ಯಾಂಡರ್ಡ್ ಲೈಬ್ರರಿ ಕಟ್ಟಿದ ಅನುಭವ

ನಾನು ತುಂಬಾ ಕಾಲದಿಂದ ಬಳಸುತ್ತಿರುವ ಪ್ರೋಗ್ರಾಮಿಂಗ್ ಭಾಷೆ ಚಿಕ್ಕದು. ಫಂಕ್ಷನಲ್ ಶೈಲಿಯದು, ಅಂದರೆ ಫಂಕ್ಷನ್‌ಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವುದು. ಟೈಪ್‌ಗಳ ವಿಷಯದಲ್ಲಿ, ಅಂದರೆ ಯಾವ ಮೌಲ್ಯ ಯಾವ ಬಗೆಯದು ಅನ್ನುವುದರಲ್ಲಿ, ಬಲು ಕಟ್ಟುನಿಟ್ಟು. ಬಳಸುವವರು ಕಡಿಮೆ, ಆದರೆ ಬಳಸುವವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಂ) ಜೊತೆಗೆ ಬರುತ್ತಿದ್ದ ಸ್ಟ್ಯಾಂಡರ್ಡ್ ಲೈಬ್ರರಿ, ಅಂದರೆ ಎಲ್ಲರಿಗೂ ಸಿದ್ಧವಾಗಿ ಸಿಗುವ ಕೋಡಿನ ಸಂಗ್ರಹ, ಮಾತ್ರ ತೀರಾ ತೆಳುವಾಗಿತ್ತು. ಕಂಪೈಲರ್ ತನ್ನನ್ನು ತಾನು ಕಂಪೈಲ್ ಮಾಡಿಕೊಳ್ಳಲು ಏನು ಬೇಕೋ ಅಷ್ಟೇ ಅದರಲ್ಲಿತ್ತು. ಹಾಗಾಗಿ ಯಾವ ಪ್ರಾಜೆಕ್ಟ್ ತೆರೆದು ನೋಡಿದರೂ ಯುಟಿಲ್ಸ್ ಅಂತ ಒಂದು ಫೈಲ್ ಇದ್ದೇ ಇರುತ್ತಿತ್ತು. ಸ್ಟ್ರಿಂಗ್‌ನ (ಅಕ್ಷರಗಳ ಸಾಲಿನ) ಆಚೀಚೆ ಇರುವ ಖಾಲಿ ಜಾಗ ತೆಗೆಯುವುದು, ಲಿಸ್ಟ್‌ನಲ್ಲಿ ಷರತ್ತಿಗೆ ಹೊಂದುವ ಮೊದಲ ಅಂಶ ಹುಡುಕುವುದು, ಫೈಲನ್ನು ಪೂರ್ತಿ ಓದಿ ಸ್ಟ್ರಿಂಗ್ ಮಾಡಿಕೊಳ್ಳುವುದು. ಎಲ್ಲರೂ ಇದನ್ನೇ ಮತ್ತೆ ಮತ್ತೆ ಬರೆದಿದ್ದರು.

ಒಂದೇ ಫಂಕ್ಷನ್ ಹತ್ತಾರು ಕಡೆ ಇದ್ದರೆ ಅಂಥ ಕಷ್ಟವೇನೂ ಇಲ್ಲ. ನಾಲ್ಕು ಸಾಲಿನ ಕೋಡ್, ಯಾರು ಬೇಕಾದರೂ ಬರೆದುಕೊಳ್ಳಬಹುದು. ನಿಜವಾದ ತೊಂದರೆ ಇದ್ದದ್ದು ಟೈಪ್‌ಗಳಲ್ಲಿ. ಕಾನ್ಫಿಗರೇಶನ್ ಫೈಲ್ ಓದುವ ಒಂದು ಪ್ಯಾಕೇಜ್ (ಬೇರೆಯವರು ಬಳಸಲೆಂದು ಹಂಚುವ ಕೋಡ್), ನೆಟ್‌ವರ್ಕ್ ಕೆಲಸಕ್ಕೆ ಇನ್ನೊಂದು ಪ್ಯಾಕೇಜ್ ತೆಗೆದುಕೊಳ್ಳಿ. ಎರಡೂ ಕೊನೆಗೆ ಕೊಡುವುದು 'ಕೆಲಸ ಆಯಿತು, ಇಗೋ ಉತ್ತರ' ಅಥವಾ 'ಆಗಲಿಲ್ಲ, ಇಗೋ ಕಾರಣ' ಅನ್ನುವ ಮೌಲ್ಯ. ಎರಡರಲ್ಲೂ ಅದಕ್ಕೆ ರಿಸಲ್ಟ್ ಅಂತಲೇ ಹೆಸರು. ಒಳಗಿನ ಆಕಾರವೂ ಒಂದೇ. ಆದರೆ ಇಬ್ಬರೂ ತಮ್ಮ ತಮ್ಮ ಯುಟಿಲ್ಸ್‌ನಲ್ಲಿ ಅದನ್ನು ಬೇರೆ ಬೇರೆಯಾಗಿ ಘೋಷಿಸಿದ್ದರಿಂದ ಕಂಪೈಲರ್ ಕಣ್ಣಿಗೆ ಅವೆರಡಕ್ಕೂ ಸಂಬಂಧವೇ ಇಲ್ಲ. ಎರಡನ್ನೂ ಸೇರಿಸಿ ಪ್ರೋಗ್ರಾಂ ಬರೆಯುವವನು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ತುಂಬುವ ಕೋಡ್ ಬರೆಯುತ್ತಾ ಕೂರಬೇಕು. ಮೂರನೇ ಪ್ಯಾಕೇಜ್ ಬಂದರೆ ಮತ್ತೆ ಅದೇ ಕೆಲಸ.

ಇದು ನಮ್ಮೊಬ್ಬರ ಕಥೆಯಲ್ಲ. ಓಕ್ಯಾಮಲ್ ಭಾಷೆಯಲ್ಲೂ ಹೀಗೇ ಇತ್ತು. ಅಲ್ಲಿ ರಿಸಲ್ಟ್ ಟೈಪ್ ಸ್ಟ್ಯಾಂಡರ್ಡ್ ಲೈಬ್ರರಿಗೆ ಬಂದದ್ದು 2016ರ 4.03 ಆವೃತ್ತಿಯಲ್ಲಿ. ಅದರ ಮೇಲೆ ಕೆಲಸ ಮಾಡುವ ಫಂಕ್ಷನ್‌ಗಳ ಮಾಡ್ಯೂಲ್ ಬಂದದ್ದು 2019ರ 4.08ರಲ್ಲಿ. ಬರೀ ಟೈಪ್ ಮೊದಲು ಬಂತು, ಫಂಕ್ಷನ್‌ಗಳು ಆಮೇಲೆ. ಆ ಕ್ರಮ ನನಗೆ ತುಂಬಾ ಹಿಡಿಸಿತು. ಪ್ಯಾಕೇಜ್‌ಗಳು ಒಂದಕ್ಕೊಂದು ದಾಟಿಸಿಕೊಳ್ಳುವುದು ಫಂಕ್ಷನ್‌ಗಳನ್ನಲ್ಲ, ಮೌಲ್ಯಗಳನ್ನು. ಆ ಮೌಲ್ಯದ ಟೈಪ್ ಎಲ್ಲರಿಗೂ ಒಂದೇ ಆದರೆ ಉಳಿದದ್ದನ್ನು ನಿಧಾನವಾಗಿ ಕೂಡಿಸಬಹುದು. ಈ ತೊಂದರೆ ಕಳೆಯಲು ನಾವು ಬಳಕೆದಾರರು ಸೇರಿ ಕಟ್ಟಲು ಹೊರಟ ಹೊಸ ಸ್ಟ್ಯಾಂಡರ್ಡ್ ಲೈಬ್ರರಿಯ ಕೆಲಸ ಇದೇ ಅಂತ ನಾನು ಮೊದಲ ದಿನದಿಂದ ವಾದಿಸಿದೆ: ಪರಿಚಯವೇ ಇಲ್ಲದ ಇಬ್ಬರ ಕೋಡ್ ಎಲ್ಲಿ ಸೇರುತ್ತದೋ ಅಲ್ಲಿ ಇರುವುದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿರಬೇಕು. ಒಬ್ಬರ ಕೋಡಿನ ಒಳಗೇ ಮುಗಿದುಹೋಗುವುದು ಹೊರಗಿದ್ದರೂ ನಡೆಯುತ್ತದೆ.

ಹೇಳುವುದು ಸುಲಭ. ಕೂತು ಮಾತಾಡಿದಾಗ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಲೈಬ್ರರಿ ಇತ್ತು. ಅವುಗಳಲ್ಲಿ ಎರಡು ದೊಡ್ಡವು. ಒಂದು ವೇಗಕ್ಕೆ ಹೆಸರಾದದ್ದು, ಇನ್ನೊಂದು ಅಚ್ಚುಕಟ್ಟಾದ ಇಂಟರ್ಫೇಸ್‌ಗೆ. ಯಾವುದಾದರೂ ಒಂದನ್ನು ಎತ್ತಿ 'ಇನ್ನು ಮೇಲೆ ಇದೇ ಸ್ಟ್ಯಾಂಡರ್ಡ್' ಅಂದುಬಿಡೋಣ ಅನ್ನುವ ಸಲಹೆ ಬಂತು. ನಾನು ಒಪ್ಪಲಿಲ್ಲ. ಡಿ ಭಾಷೆಯಲ್ಲಿ ಏನಾಯಿತು ಅಂತ ಗೊತ್ತಿದ್ದವರಿಗೆ ಈ ಭಯ ಅರ್ಥವಾಗುತ್ತದೆ. ಅಲ್ಲಿ ಭಾಷೆಯ ಜೊತೆ ಬರುವ ಫೋಬೋಸ್ ಒಂದು ಕಡೆ, ಸಮುದಾಯ ಕಟ್ಟಿದ ಟ್ಯಾಂಗೋ ಇನ್ನೊಂದು ಕಡೆ. ಪ್ರೋಗ್ರಾಂ ಓಡುವಾಗ ಜೊತೆಗಿರುವ ರನ್‌ಟೈಮ್ ಭಾಗವೇ (ಬಳಸಿ ಬಿಟ್ಟ ಮೆಮೊರಿಯನ್ನು ವಾಪಸ್ ಪಡೆಯುವ ಗಾರ್ಬೇಜ್ ಕಲೆಕ್ಟರ್ ಇರುವುದು ಇದರಲ್ಲೇ) ಎರಡರಲ್ಲೂ ಬೇರೆ ಬೇರೆ. ಒಂದನ್ನು ನಂಬಿ ಬರೆದ ಕೋಡನ್ನು ಇನ್ನೊಂದರ ಪಕ್ಕ ಇಡುವುದೇ ಕಷ್ಟವಾಯಿತು, ಸಮುದಾಯ ಇಬ್ಭಾಗವಾಯಿತು. ಡಿ ಭಾಷೆಯ ಎರಡನೇ ಆವೃತ್ತಿಯಲ್ಲಿ ರನ್‌ಟೈಮ್ ಭಾಗವನ್ನು ಬೇರೆ ಮಾಡಿ ಎಲ್ಲರಿಗೂ ಸಾಮಾನ್ಯವಾಗಿಸಿದ ಮೇಲೆಯೇ ಆ ಗಂಟು ಸಡಿಲವಾದದ್ದು. ಚಿಕ್ಕ ಸಮುದಾಯಕ್ಕೆ ಅಂಥ ಒಡಕನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ.

ಹಾಗಾಗಿ ಮೊದಲು ಕೋಡ್ ಬರೆಯಲೇ ಇಲ್ಲ. ಸಾರ್ವಜನಿಕವಾಗಿ ಸಿಗುವ ಪ್ಯಾಕೇಜ್‌ಗಳನ್ನೆಲ್ಲ ಇಳಿಸಿಕೊಂಡು, ಯಾವ ಸಹಾಯಕ ಫಂಕ್ಷನ್ ಎಷ್ಟು ಕಡೆ ಮತ್ತೆ ಮತ್ತೆ ಬರೆದಿದ್ದಾರೆ ಅಂತ ಹುಡುಕಿದೆವು. ಹೆಸರು ನೋಡಿ ಹುಡುಕಿದರೆ ಸಾಲದು, ಯಾಕೆಂದರೆ ಒಂದೇ ಕೆಲಸಕ್ಕೆ ಊರಿಗೊಂದು ಹೆಸರು. ಟೈಪ್ ಸಹಿ, ಅಂದರೆ ಫಂಕ್ಷನ್ ಯಾವ ಬಗೆಯದನ್ನು ತೆಗೆದುಕೊಂಡು ಯಾವ ಬಗೆಯದನ್ನು ಕೊಡುತ್ತದೆ ಅನ್ನುವುದನ್ನು ನೋಡಿ ಹುಡುಕಿದೆವು. 'ಲಿಸ್ಟ್ ಕೊಟ್ಟರೆ, ಇರಬಹುದಾದ ಒಂದು ಮೌಲ್ಯ ಕೊಡುತ್ತದೆ' ಅನ್ನುವ ಸಹಿಗೆ ಹೊಂದುವ ಫಂಕ್ಷನ್‌ಗಳು ರಾಶಿ ರಾಶಿ ಸಿಕ್ಕವು. ಈ ಹುಡುಕಾಟದಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆದು ಕಂಡಿತು. ಸೇರಿಸಿ ಅಂತ ಜನ ಉತ್ಸಾಹದಿಂದ ಕೇಳುತ್ತಿದ್ದದ್ದು ಹೊಸ ಬಗೆಯ ಟ್ರೀಗಳು, ಲೇಜಿ ಸ್ಟ್ರೀಮ್‌ಗಳು, ಮೊನಾಡ್‌ಗಳ ಮೇಲಿನ ಚಮತ್ಕಾರಗಳು. ಅವರ ಕೋಡ್ ತೆರೆದು ನೋಡಿದರೆ ದಿನವೂ ಬೇಕಾಗಿದ್ದದ್ದು ಸ್ಟ್ರಿಂಗ್ ಒಡೆಯುವುದು, ಜೋಡಿಸುವುದು, ಫೈಲ್ ಓದಿ ಮುಚ್ಚುವುದು. ಕೇಳುವುದಕ್ಕೂ ಬಳಸುವುದಕ್ಕೂ ಇಷ್ಟು ಅಂತರ ಇರುವಾಗ ನಾನು ಕೋಡ್ ಹೇಳಿದ್ದನ್ನೇ ನಂಬುತ್ತೇನೆ.

ಏನು ಬೇಡ ಅನ್ನುವುದನ್ನು ನಿರ್ಧರಿಸುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಇಲ್ಲಿ ನಮ್ಮ ಮುಂದೆ ಎರಡು ಕಡೆಯ ಉದಾಹರಣೆಗಳಿದ್ದವು. ಪೈಥಾನ್ ತನ್ನ ಲೈಬ್ರರಿಯಲ್ಲಿ ಎಲ್ಲವನ್ನೂ ತುಂಬಿಕೊಂಡು ಬಂದ ಭಾಷೆ. ಹೊಸಬರಿಗೆ ಅದು ದೊಡ್ಡ ಉಪಕಾರ. ಆದರೆ ಟೆಲ್ನೆಟ್, ಸಿಜಿಐ ಅಂಥ ಕಾಲ ಕಳೆದ ಮಾಡ್ಯೂಲ್‌ಗಳನ್ನು ನೋಡಿಕೊಳ್ಳುವವರೇ ಇಲ್ಲವಾದರು. ಕೊನೆಗೆ ಪೆಪ್ 594 ಅನ್ನುವ ಪ್ರಸ್ತಾಪದ (ಪೈಥಾನ್ ಬದಲಾವಣೆಗಳನ್ನು ಬರೆದಿಡುವ ದಾಖಲೆ) ಪ್ರಕಾರ 19 ಮಾಡ್ಯೂಲ್‌ಗಳನ್ನು ಕೈಬಿಡುವ ತೀರ್ಮಾನವಾಗಿ, 2024ರಲ್ಲಿ ಬಂದ 3.13 ಆವೃತ್ತಿಯ ಹೊತ್ತಿಗೆ ಅವು ಹೊರಹೋದವು. ಇನ್ನೊಂದು ಕಡೆ ಜಾವಾಸ್ಕ್ರಿಪ್ಟ್. ಅಲ್ಲಿ ಸ್ಟ್ರಿಂಗ್‌ನ ಎಡಕ್ಕೆ ಖಾಲಿ ಜಾಗ ತುಂಬುವ ಫಂಕ್ಷನ್ ಕೂಡ ಭಾಷೆಯಲ್ಲಿ ಇರಲಿಲ್ಲ. ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜ್ ಅದನ್ನು ಮಾಡುತ್ತಿತ್ತು. 2016ರ ಮಾರ್ಚ್‌ನಲ್ಲಿ ಅದರ ಲೇಖಕರು ಅದನ್ನು ಹಿಂದಕ್ಕೆ ತೆಗೆದುಕೊಂಡ ಕೂಡಲೇ ಅದರ ಮೇಲೆ ನೇರವಾಗಿಯೋ ಪರೋಕ್ಷವಾಗಿಯೋ ನಿಂತಿದ್ದ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿತ್ತು. ಮರುವರ್ಷದ ಭಾಷಾ ಮಾನಕದಲ್ಲಿ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಸೇರಿತು.

ಈ ಎರಡರ ನಡುವೆ ನಾವು ಗೆರೆ ಎಳೆದದ್ದು ಗಾತ್ರ ನೋಡಿ ಅಲ್ಲ, ವಿಷಯ ಎಷ್ಟು ನೆಲೆಗೊಂಡಿದೆ ಅನ್ನುವುದನ್ನು ನೋಡಿ. ಲಿಸ್ಟನ್ನು ತಿರುಗಿಸಿ ಹಾಕುವ ಕೆಲಸ ಇನ್ನು ಐವತ್ತು ವರ್ಷ ಕಳೆದರೂ ಬದಲಾಗುವುದಿಲ್ಲ. ನೆಟ್‌ವರ್ಕ್ ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್ ಪ್ರೋಟೊಕಾಲ್ ಬದಲಾಗುತ್ತದೆ. ಹೊರಜಗತ್ತಿನ ಜೊತೆ ಬದಲಾಗಬೇಕಾದ್ದನ್ನು ಕಂಪೈಲರ್ ಜೊತೆ ಕಟ್ಟಿಹಾಕಿದರೆ ಇಬ್ಬರಿಗೂ ಕಷ್ಟ. ಹೀಗೆ ನೆಟ್‌ವರ್ಕ್ ಪ್ರೋಟೊಕಾಲ್‌ಗಳು, ಜೇಸನ್, ಎಕ್ಸ್‌ಎಂಎಲ್ ಅನ್ನುವ ದತ್ತಾಂಶ ಫಾರ್ಮ್ಯಾಟ್‌ಗಳು, ಕ್ರಿಪ್ಟೋಗ್ರಫಿ ಎಲ್ಲ ಹೊರಗೆ ಉಳಿದವು. ಜೇಸನ್ ಬಗ್ಗೆ ಮಾತ್ರ ಜೋರು ವಾದ ನಡೆಯಿತು. ಫಾರ್ಮ್ಯಾಟ್ ನೆಲೆಗೊಂಡಿದೆ ಅಲ್ವಾ, ಯಾಕೆ ಬೇಡ ಅಂತ. ಫಾರ್ಮ್ಯಾಟ್ ನೆಲೆಗೊಂಡಿದೆ ನಿಜ, ಆದರೆ ಅದನ್ನು ನಮ್ಮ ಭಾಷೆಯ ಟೈಪ್‌ಗಳಿಗೆ ಹೇಗೆ ಹೊಂದಿಸಬೇಕು ಅನ್ನುವುದರಲ್ಲಿ ಒಮ್ಮತ ಇರಲಿಲ್ಲ. ಒಮ್ಮತ ಇಲ್ಲದ ಕಡೆ ಸ್ಟ್ಯಾಂಡರ್ಡ್ ಅನ್ನುವ ಮುದ್ರೆ ಒತ್ತಬಾರದು.

ಈಗ ಒಂದು ಫಂಕ್ಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಕೆಲಸದ ಸ್ವಭಾವ ಅದರಲ್ಲೇ ಪೂರ್ತಿ ಕಾಣುತ್ತದೆ. ಸ್ಟ್ರಿಂಗನ್ನು ಒಂದು ಗುರುತಿನ ಹತ್ತಿರ ಒಡೆಯುವ ಸ್ಪ್ಲಿಟ್. ಹುಡುಕಾಟದಲ್ಲಿ ಅತಿ ಹೆಚ್ಚು ಕಡೆ ಸಿಕ್ಕಿದವುಗಳಲ್ಲಿ ಇದೂ ಒಂದು. 'ಅ,ಬ,ಕ' ಅನ್ನುವುದನ್ನು ಕಾಮಾದ ಹತ್ತಿರ ಒಡೆದರೆ ಮೂರು ತುಂಡು. ಇದರಲ್ಲಿ ಜಗಳವಿಲ್ಲ. 'ಅ,ಬ,,' ಕೊಟ್ಟರೆ? ಜಾವಾದ ಸ್ಪ್ಲಿಟ್ ಕೊನೆಯ ಖಾಲಿ ತುಂಡುಗಳನ್ನು ಎಸೆದು ಎರಡೇ ತುಂಡು ಕೊಡುತ್ತದೆ. ಪೈಥಾನ್ ನಾಲ್ಕು ಕೊಡುತ್ತದೆ. ಇನ್ನು ಏನೂ ಇಲ್ಲದ ಖಾಲಿ ಸ್ಟ್ರಿಂಗ್ ಕೊಟ್ಟರೆ? ಖಾಲಿ ಲಿಸ್ಟ್ ಬರಬೇಕೋ, ಒಂದು ಖಾಲಿ ಸ್ಟ್ರಿಂಗ್ ಇರುವ ಲಿಸ್ಟ್ ಬರಬೇಕೋ? ಪೈಥಾನ್‌ನಲ್ಲಿ ಗುರುತು ಕೊಟ್ಟು ಕರೆದರೆ ಎರಡನೆಯದು, ಗುರುತು ಕೊಡದೆ ಕರೆದರೆ ಮೊದಲನೆಯದು. ನಮ್ಮ ಎರಡು ದೊಡ್ಡ ಲೈಬ್ರರಿಗಳು ಕೂಡ ಇದರಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದವು, ಎರಡಕ್ಕೂ ಅವರದೇ ಆದ ಬಳಕೆದಾರರಿದ್ದರು.

ಅಭಿಪ್ರಾಯ ಕೇಳುತ್ತಾ ಹೋದರೆ ಇದು ಮುಗಿಯುವುದೇ ಇಲ್ಲ. ಆಗ ಒಬ್ಬರು ನಿಯಮಗಳಿಂದ ಶುರು ಮಾಡೋಣ ಅಂದರು. ಒಡೆದು ಅದೇ ಗುರುತಿನಿಂದ ಮತ್ತೆ ಜೋಡಿಸಿದರೆ ಮೊದಲಿನ ಸ್ಟ್ರಿಂಗೇ ಬರಬೇಕು. ಇದು ಎಲ್ಲರೂ ಒಪ್ಪುವ ಮಾತು. ಈ ಒಂದೇ ನಿಯಮಕ್ಕೆ ಜಾವಾದ ದಾರಿ ಬಿದ್ದುಹೋಯಿತು, ಯಾಕೆಂದರೆ ಎಸೆದ ತುಂಡುಗಳು ವಾಪಸ್ ಬರುವುದಿಲ್ಲ. ಆದರೆ ಖಾಲಿ ಸ್ಟ್ರಿಂಗ್ ಪ್ರಶ್ನೆ ಇದರಿಂದ ಬಗೆಹರಿಯಲಿಲ್ಲ. ಖಾಲಿ ಲಿಸ್ಟ್ ಜೋಡಿಸಿದರೂ ಖಾಲಿ ಸ್ಟ್ರಿಂಗ್, ಒಂದು ಖಾಲಿ ಸ್ಟ್ರಿಂಗ್ ಇರುವ ಲಿಸ್ಟ್ ಜೋಡಿಸಿದರೂ ಖಾಲಿ ಸ್ಟ್ರಿಂಗೇ. ಅದನ್ನೇ ಉಲ್ಟಾ ಮಾಡಿ ನೋಡಿದೆವು: ಜೋಡಿಸಿ ಒಡೆದರೆ ಮೊದಲಿನ ಲಿಸ್ಟ್ ಬರಬೇಕು. ಇಲ್ಲಿ ಯಾವ ದಾರಿ ಹಿಡಿದರೂ ಆ ಎರಡು ಲಿಸ್ಟ್‌ಗಳಲ್ಲಿ ಒಂದು ಕೈತಪ್ಪುತ್ತದೆ. ಅಂದರೆ ಎಲ್ಲ ನಿಯಮವನ್ನೂ ಪಾಲಿಸುವ ಸ್ಪ್ಲಿಟ್ ಇರಲು ಸಾಧ್ಯವೇ ಇಲ್ಲ. ಅದು ಗೊತ್ತಾದ ಮೇಲೆ ವಾದದ ಬಿಸಿ ತಾನಾಗಿ ಇಳಿಯಿತು. ಕೊನೆಗೆ ನಿರ್ಧರಿಸಿದ್ದು ಇನ್ನೊಂದು ನಿಯಮ: ಗುರುತು ಎಷ್ಟು ಸಲ ಇದೆಯೋ ಅದಕ್ಕಿಂತ ಒಂದು ಹೆಚ್ಚು ತುಂಡು ಬರಬೇಕು. ಸೊನ್ನೆ ಗುರುತಿದ್ದರೆ ಒಂದು ತುಂಡು. ಹಾಗಾಗಿ ಖಾಲಿ ಸ್ಟ್ರಿಂಗ್‌ಗೆ ಒಂದು ಖಾಲಿ ತುಂಡು. ಈ ನಿಯಮ ಈಗ ಡಾಕ್ಯುಮೆಂಟೇಶನ್‌ನಲ್ಲಿ ಫಂಕ್ಷನ್ ಹೆಸರಿನ ಕೆಳಗೇ ಇದೆ. ಖಾಲಿ ತುಂಡು ಬೇಡದವರಿಗೆ ಬೇರೆ ಹೆಸರಿನ ಇನ್ನೊಂದು ಫಂಕ್ಷನ್ ಇದೆ.

ಈ ದಾರಿ ಸಿಕ್ಕ ಮೇಲೆ ಕೆಲಸದ ರೀತಿಯೇ ಬದಲಾಯಿತು. ಯಾವ ಫಂಕ್ಷನ್ ಪ್ರಸ್ತಾಪ ಬಂದರೂ ಮೊದಲು ಅದು ಪಾಲಿಸುವ ನಿಯಮ ಬರೆದುಕೊಡಿ, ಕೋಡ್ ಆಮೇಲೆ ನೋಡೋಣ ಅಂತ ಹೇಳತೊಡಗಿದೆವು. ನಿಯಮ ಬರೆದರೆ ಟೆಸ್ಟ್ ಅರ್ಧ ಆದಂತೆಯೇ. 2000ದಲ್ಲಿ ಕೋಯನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಹ್ಯಾಸ್ಕೆಲ್‌ಗೆ ಮಾಡಿದ ಕ್ವಿಕ್‌ಚೆಕ್ ತೋರಿಸಿಕೊಟ್ಟ ದಾರಿ ಇದು: ನೀವು ನಿಯಮ ಹೇಳಿ, ಯಂತ್ರ ಸಿಕ್ಕಾಪಟ್ಟೆ ಮೌಲ್ಯಗಳನ್ನು ತಾನೇ ಹುಟ್ಟಿಸಿ ಆ ನಿಯಮ ಮುರಿಯಲು ನೋಡುತ್ತದೆ. ಮುರಿದರೆ ಅತಿ ಚಿಕ್ಕ ಉದಾಹರಣೆಗೆ ಇಳಿಸಿ ಕೊಡುತ್ತದೆ. ಇದರ ಜೊತೆಗೆ ಹಳೆಯ ಎರಡು ಲೈಬ್ರರಿಗಳನ್ನೂ ಹೊಸದನ್ನೂ ಒಂದೇ ಮೌಲ್ಯಗಳ ಮೇಲೆ ಓಡಿಸಿ ಉತ್ತರ ಎಲ್ಲಿ ಬೇರೆಯಾಗುತ್ತದೆ ಅಂತ ಪಟ್ಟಿ ಮಾಡಿದೆವು. ಆ ಪಟ್ಟಿಯ ಪ್ರತಿಯೊಂದು ಸಾಲಿಗೂ 'ಇದು ಬೇಕಂತಲೇ ಮಾಡಿದ್ದು, ಕಾರಣ ಇದು' ಅಂತ ಬರೆಯದೆ ಮುಂದೆ ಹೋಗಲಿಲ್ಲ. ಬೇಜಾರಿನ ಕೆಲಸ. ಆದರೂ ಹೊಸ ಲೈಬ್ರರಿಗೆ ಬಂದವರು ನಂಬಿಕೆ ಇಟ್ಟದ್ದು ಆ ಪಟ್ಟಿ ನೋಡಿಯೇ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಿದವರಿದ್ದಾರೆ. ಬೇಕು. ಜಾವಾದ ಬೈನರಿ ಸರ್ಚ್ ಕಥೆ ನೋಡಿ. ಕ್ರಮವಾಗಿ ಜೋಡಿಸಿದ ಅರೇಯನ್ನು (ಮೌಲ್ಯಗಳ ಸಾಲನ್ನು) ಮತ್ತೆ ಮತ್ತೆ ಅರ್ಧ ಮಾಡುತ್ತಾ ಹುಡುಕುವ ಫಂಕ್ಷನ್ ಅದು. ಎರಡು ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸಿ ಮಧ್ಯ ಕಂಡುಹಿಡಿಯುವ ಸಾಲು ಅದರಲ್ಲಿತ್ತು. ಅರೇ ತೀರಾ ದೊಡ್ಡದಾದರೆ ಆ ಕೂಡಿಕೆ ಇಂಟಿಜರ್ ಮಿತಿ ದಾಟಿ ಋಣಸಂಖ್ಯೆಯಾಗುತ್ತಿತ್ತು. ಅದನ್ನು ಬರೆದ ಜೋಶುವಾ ಬ್ಲಾಖ್ ಅವರೇ 2006ರಲ್ಲಿ ಇದನ್ನು ಬಹಿರಂಗವಾಗಿ ವಿವರಿಸಿದರು. ಅಷ್ಟರಲ್ಲಿ ಅದು ಎಷ್ಟೋ ವರ್ಷ ಎಲ್ಲರ ಪ್ರೋಗ್ರಾಂಗಳಲ್ಲೂ ಓಡುತ್ತಿತ್ತು. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇರುವ ಬಗ್ ಎಲ್ಲರ ಮನೆಗೂ ಹೋಗುತ್ತದೆ.

ಸ್ಟ್ರಿಂಗ್‌ನ ಉದ್ದ ಇನ್ನೊಂದು ದೊಡ್ಡ ಪ್ರಶ್ನೆ. ಇದರಲ್ಲಿ ಕನ್ನಡ ಓದಲು ಬರುವವರಿಗೆ ಒಂದು ಅನುಕೂಲ ಇದೆ, ಕಷ್ಟ ಎಲ್ಲಿದೆ ಅಂತ ಥಟ್ಟನೆ ಕಾಣುತ್ತದೆ. ನಾನು ಟೆಸ್ಟ್‌ಗೆ 'ಕನ್ನಡ' ಅನ್ನುವ ಪದವನ್ನೇ ಹಾಕಿದೆ. ಅದರ ಉದ್ದ ಎಷ್ಟು? ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 15 ಬೈಟ್. ರಸ್ಟ್ ಮತ್ತು ಗೋ ಭಾಷೆಗಳಲ್ಲಿ ಲೆನ್ ಕೇಳಿದರೆ ಇದೇ ಬರುತ್ತದೆ. ಯೂನಿಕೋಡ್ ಕೋಡ್‌ಪಾಯಿಂಟ್ (ಯೂನಿಕೋಡ್ ಪ್ರತಿ ಚಿಹ್ನೆಗೆ ಕೊಟ್ಟ ಸಂಖ್ಯೆ) ಎಣಿಸಿದರೆ 5: ಕ, ನ, ವಿರಾಮದ ಗುರುತು (ಅರ್ಧಾಕ್ಷರ ಮಾಡುವ '್'), ಮತ್ತೆ ನ, ಡ. ಪೈಥಾನ್ ಕೊಡುವುದು ಇದು. ಗ್ರಾಫೀಮ್ ಕ್ಲಸ್ಟರ್ (ಒಂದೇ ಅಕ್ಷರ ಅಂತ ಎಣಿಸಬೇಕಾದ ಚಿಹ್ನೆಗಳ ಗುಂಪು) ಲೆಕ್ಕದಲ್ಲಿ ಒಡೆದಾಗ ನಾವು ಬಳಸುತ್ತಿದ್ದ ನಿಯಮದ ಪ್ರಕಾರ 4 ಬಂತು, ವಿರಾಮ ಮೊದಲ ನಕಾರಕ್ಕೆ ಅಂಟಿಕೊಂಡು ಎರಡನೇ ನಕಾರ ಬೇರೆಯಾಗಿ. ಕನ್ನಡ ಓದುವವರು ಎಣಿಸಿದರೆ 3. ಮೇಲಾಗಿ ಗ್ರಾಫೀಮ್ ನಿಯಮ ಯೂನಿಕೋಡ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. 2023ರ 15.1 ಆವೃತ್ತಿಯಲ್ಲಿ ಕೆಲವು ಭಾರತೀಯ ಲಿಪಿಗಳ ಒತ್ತಕ್ಷರ ಒಡೆಯದಂತೆ ಹೊಸ ನಿಯಮ ಸೇರಿತು.

ಇಷ್ಟು ಉತ್ತರಗಳಿರುವ ಪ್ರಶ್ನೆಗೆ ಲೆಂಗ್ತ್ ಅಂತ ಒಂದೇ ಫಂಕ್ಷನ್ ಇಡುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಲೈಬ್ರರಿಯಲ್ಲಿ ಸ್ಟ್ರಿಂಗ್‌ಗೆ ಆ ಹೆಸರಿನ ಫಂಕ್ಷನ್ ಇಲ್ಲ. ಬೈಟ್ ಎಣಿಸುವುದು ಒಂದು, ಕೋಡ್‌ಪಾಯಿಂಟ್ ಎಣಿಸುವುದು ಒಂದು. ಗ್ರಾಫೀಮ್ ಭಾಗವನ್ನು ಯೂನಿಕೋಡ್ ಆವೃತ್ತಿಯ ಜೊತೆ ಬದಲಾಗುವ ಬೇರೆ ಪ್ಯಾಕೇಜ್‌ಗೆ ಕಳಿಸಿದೆವು. ಹೊಸಬರಿಗೆ ಗೊಂದಲವಾಗುತ್ತದೆ ಅಂತ ಕೆಲವರು ಆಕ್ಷೇಪ ಮಾಡಿದರು. ಗೊಂದಲ ಮೊದಲೇ ಆದರೆ ಒಳ್ಳೆಯದು, ಬಳಕೆದಾರರ ಹೆಸರನ್ನು ಒತ್ತಕ್ಷರದ ಮಧ್ಯೆ ಕತ್ತರಿಸಿದ ಮೇಲೆ ಆಗುವುದು ಬೇಡ.

ಆರ್ಗ್ಯುಮೆಂಟ್‌ಗಳ (ಫಂಕ್ಷನ್‌ಗೆ ಕೊಡುವ ಮೌಲ್ಯಗಳ) ಕ್ರಮ ಅಷ್ಟು ಆಳದ ವಿಷಯವಲ್ಲ, ಆದರೂ ಹೇಳದೆ ಬಿಡಲಾಗದು. ಪಿಎಚ್‌ಪಿಯಲ್ಲಿ ಅರೇ ಒಳಗೆ ಹುಡುಕುವಾಗ ಹುಡುಕಬೇಕಾದ್ದು ಮೊದಲು, ಅರೇ ಆಮೇಲೆ. ಸ್ಟ್ರಿಂಗ್ ಒಳಗೆ ಹುಡುಕುವಾಗ ಉಲ್ಟಾ. ಬರೆಯುವವರು ಪ್ರತಿಸಲ ಡಾಕ್ಯುಮೆಂಟೇಶನ್ ತೆರೆಯಬೇಕು. ನಮ್ಮಲ್ಲಿ ಫಂಕ್ಷನ್ ಮೊದಲು, ದತ್ತಾಂಶ ಕೊನೆಗೆ ಅಂತ ಒಂದೇ ಸಾಲಿನ ನಿಯಮ ಮಾಡಿದೆವು. ಅದರಿಂದ ಪೈಪ್ ಹಾಕಿ ಒಂದರ ಹಿಂದೆ ಒಂದು ಕರೆಯುವುದು ಸಲೀಸಾಯಿತು. ಈ ನಿಯಮ ಎಲ್ಲಾ ಕಡೆ ಅತ್ಯುತ್ತಮ ಅಂತಲ್ಲ. ಎಲ್ಲಾ ಕಡೆ ಒಂದೇ ಆಗಿದೆ, ಅದೇ ಅದರ ಬೆಲೆ.

ತಪ್ಪು ನಡೆದಾಗ ಎಕ್ಸೆಪ್ಶನ್ ಎಸೆದು ಕೆಲಸವನ್ನು ಅಲ್ಲೇ ಮುರಿಯಬೇಕೋ, ಆಪ್ಶನ್ (ಇರಬಹುದಾದ, ಇಲ್ಲದಿರಬಹುದಾದ ಮೌಲ್ಯ) ಕೊಡಬೇಕೋ ಅನ್ನುವ ವಾದ ಹಳೆಯದು. ಎಸೆಯುವ ಫಂಕ್ಷನ್ ಹೆಸರಿನಲ್ಲೇ ಅದು ಗೊತ್ತಾಗಬೇಕು, ಸಾದಾ ಹೆಸರಿನದು ಯಾವತ್ತೂ ಎಸೆಯಬಾರದು ಅನ್ನುವಲ್ಲಿಗೆ ಬೇಗನೇ ಬಂದು ನಿಂತೆವು.

ಲೈಸೆನ್ಸ್ ವಿಷಯ ಯಾರ ಪಟ್ಟಿಯಲ್ಲೂ ಇರಲಿಲ್ಲ, ಆದರೆ ಅದೇ ನಮ್ಮನ್ನು ತುಂಬಾ ದಿನ ಹಿಡಿದು ನಿಲ್ಲಿಸಿತು. ಒಂದು ಲೈಬ್ರರಿ ಷರತ್ತು ಕಡಿಮೆ ಇರುವ ಎಂಐಟಿ ಲೈಸೆನ್ಸ್‌ನದು, ಒಂದು ಷರತ್ತು ಜಾಸ್ತಿ ಇರುವ ಎಲ್‌ಜಿಪಿಎಲ್‌ನದು, ಒಂದೆರಡಕ್ಕೆ ಲೈಸೆನ್ಸ್ ಫೈಲೇ ಇಲ್ಲ. ಲೈಸೆನ್ಸ್ ಇಲ್ಲ ಅಂದರೆ ಯಾರು ಬೇಕಾದರೂ ಬಳಸಬಹುದು ಅಂತ ಹಲವರು ಭಾವಿಸುತ್ತಾರೆ. ಅದು ಉಲ್ಟಾ, ಅನುಮತಿ ಕೊಟ್ಟಿಲ್ಲ ಅಂತ ಅರ್ಥ. ಕೋಡ್ ಬರೆದ ಪ್ರತಿಯೊಬ್ಬರನ್ನೂ ಹುಡುಕಿ, ಯಾವ ಫೈಲ್, ಯಾವ ಭಾಗ, ಯಾವ ಲೈಸೆನ್ಸ್ ಅಡಿ ಅಂತ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೆವು. ಹೆಚ್ಚಿನವರು ಖುಷಿಯಿಂದ ಒಪ್ಪಿದರು, ಕೆಲವರಿಗೆ ತಾವು ಬರೆದದ್ದು ಇನ್ನೂ ಬಳಕೆಯಲ್ಲಿದೆ ಅನ್ನುವುದೇ ಆಶ್ಚರ್ಯ. ಸಿಗದೇ ಹೋದವರ ಕೋಡನ್ನು ಮುಟ್ಟಲಿಲ್ಲ. ಆ ಕೋಡನ್ನು ಒಮ್ಮೆಯೂ ನೋಡಿರದ ಒಬ್ಬರಿಗೆ ನಿಯಮ ಮತ್ತು ಟೈಪ್ ಸಹಿ ಮಾತ್ರ ಕೊಟ್ಟು ಹೊಸದಾಗಿ ಬರೆಸಿದೆವು. ಮೊದಲೇ ನಿಯಮ ಬರೆದಿಟ್ಟದ್ದು ಇಲ್ಲೂ ಕೈ ಹಿಡಿಯಿತು.

ಜನರ ವಿಷಯ ಇದಕ್ಕಿಂತ ನಾಜೂಕು. ದೊಡ್ಡ ಲೈಬ್ರರಿಗಳಲ್ಲಿ ಒಂದರ ಲೇಖಕರಿಗೆ ಬೇಸರವಾಗಿತ್ತು. ಎಷ್ಟೋ ವರ್ಷ ಒಬ್ಬರೇ ನೋಡಿಕೊಂಡು ಬಂದ ಕೆಲಸ, ಈಗ ಸಮಿತಿ ಬಂದು ತುಂಡು ತುಂಡು ಮಾಡಿ ಆರಿಸಿಕೊಳ್ಳುತ್ತಿದೆ ಅನ್ನಿಸಿದರೆ ಬೇಸರ ಸಹಜ. ಅವರ ಬಳಕೆದಾರರ ಪ್ರಶ್ನೆಯೂ ಇತ್ತು. ಅವರೆಲ್ಲ ಒಂದೇ ದಿನ ಹೊಸದಕ್ಕೆ ಬರಲು ಸಾಧ್ಯವಿಲ್ಲ. ಇದಕ್ಕೆ ಸಿಕ್ಕ ದಾರಿ ಟೈಪ್ ಅಲಿಯಾಸ್. ಅವರ ಲೈಬ್ರರಿಯಲ್ಲಿ ರಿಸಲ್ಟ್ ಅನ್ನುವ ಹೆಸರು ಹಾಗೇ ಉಳಿಯಿತು, ಆದರೆ ಅದು ಹೊಸದಾಗಿ ಘೋಷಿಸಿದ ಟೈಪ್ ಅಲ್ಲ, ಸ್ಟ್ಯಾಂಡರ್ಡ್ ಟೈಪ್‌ನ ಇನ್ನೊಂದು ಹೆಸರು. ಕಂಪೈಲರ್‌ಗೆ ಎರಡೂ ಒಂದೇ. ಅವರ ಲೈಬ್ರರಿ ಬಳಸಿ ಬರೆದ ಹಳೆಯ ಕೋಡಿನಲ್ಲಿ ಒಂದು ಸಾಲೂ ಬದಲಾಗಲಿಲ್ಲ, ಆದರೂ ಅದು ಮಾರನೇ ದಿನದಿಂದ ಬೇರೆ ಎಲ್ಲ ಪ್ಯಾಕೇಜ್‌ಗಳ ಜೊತೆ ನೇರವಾಗಿ ಮಾತಾಡತೊಡಗಿತು. ಇನ್ನೊಂದು ಲೈಬ್ರರಿಯವರೂ ಅದನ್ನೇ ಮಾಡಿದರು. ಯಾರೂ ಸೋಲಲಿಲ್ಲ, ಯಾರ ಲೈಬ್ರರಿಯೂ ಸಾಯಲಿಲ್ಲ. ನಡುವಿನ ಟೈಪ್ ಮಾತ್ರ ಒಂದಾಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ಆ ಅಲಿಯಾಸ್ ಸಾಲುಗಳು. ಮೊದಲು ಬೇಸರಪಟ್ಟಿದ್ದ ಆ ಲೇಖಕರು ಈಗ ನಮ್ಮ ಲಿಸ್ಟ್, ಮ್ಯಾಪ್, ಸೆಟ್ ಮಾಡ್ಯೂಲ್‌ಗಳ ಮೇಂಟೇನರ್. ಅವರಷ್ಟು ಎಚ್ಚರಿಕೆಯಿಂದ ರಿವ್ಯೂ ಮಾಡುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.

ತೀರ್ಮಾನ ಮಾಡುವ ಕ್ರಮವೂ ನಿಧಾನವಾಗಿ ಒಂದು ರೂಪಕ್ಕೆ ಬಂತು. ಪ್ರಸ್ತಾಪ ಬರಹದಲ್ಲಿ ಬರಬೇಕು. ಆಕ್ಷೇಪಕ್ಕೆ ಇಂತಿಷ್ಟು ಕಾಲ ಅಂತ ಗೊತ್ತು ಮಾಡಿರಬೇಕು. 'ನನಗೆ ಇಷ್ಟವಾಗಲಿಲ್ಲ' ಅನ್ನುವುದಕ್ಕೆ ತೂಕ ಇಲ್ಲ, 'ನನ್ನ ಈ ಕೋಡ್ ಹೀಗೆ ಮುರಿಯುತ್ತದೆ' ಅನ್ನುವುದಕ್ಕೆ ಇದೆ. ಸ್ಕೀಮ್ ಭಾಷೆಯವರು 1998ರಿಂದ ಎಸ್‌ಆರ್‌ಎಫ್‌ಐ ಅನ್ನುವ ಹೆಸರಿನಲ್ಲಿ ಪ್ರಸ್ತಾಪಗಳಿಗೆ ಕ್ರಮಸಂಖ್ಯೆ ಕೊಟ್ಟು ಇಡುತ್ತಾ ಬಂದಿದ್ದಾರೆ. ಕೈಬಿಟ್ಟ ಪ್ರಸ್ತಾಪವೂ ಅಲ್ಲಿ ಕಾರಣ ಸಮೇತ ಉಳಿಯುತ್ತದೆ. ನಾವು ಅದನ್ನು ನೋಡಿ ಕಲಿತೆವು. ಬೇಡ ಅಂದ ಕಾರಣ ದಾಖಲಾಗಿದ್ದರೆ ಅದೇ ವಾದ ವರ್ಷ ವರ್ಷ ಮತ್ತೆ ಶುರುವಾಗುವುದಿಲ್ಲ.

ಒಮ್ಮೆ ಒಳಗೆ ಬಂದದ್ದು ಹೊರಗೆ ಹೋಗುವುದು ಎಷ್ಟು ಕಷ್ಟ ಅನ್ನುವುದಕ್ಕೆ ಸಿ ಭಾಷೆಯ ಗೆಟ್ಸ್ ಸಾಕು. ಬಫರ್ (ಓದಿದ್ದನ್ನು ತುಂಬುವ ಜಾಗ) ಎಷ್ಟು ದೊಡ್ಡದು ಅಂತ ಕೇಳದೆ ಓದಿ ತುಂಬುವ ಫಂಕ್ಷನ್ ಅದು. 1988ರಲ್ಲಿ ಇಂಟರ್ನೆಟ್‌ನಲ್ಲಿ ತಾನಾಗಿ ಹರಡಿದ ಮೋರಿಸ್ ವರ್ಮ್ ಅನ್ನುವ ಪ್ರೋಗ್ರಾಂ ಇದೇ ಕಿಂಡಿಯನ್ನು ಬಳಸಿಕೊಂಡಿತು. ಸಿ ಮಾನಕದಿಂದ ಅದು ಹೊರಬಿದ್ದದ್ದು 2011ರಲ್ಲಿ. ಇನ್ನು ಜಾವಾಸ್ಕ್ರಿಪ್ಟ್‌ನವರು ಅರೇಗೆ ಫ್ಲ್ಯಾಟನ್ ಅಂತ ಫಂಕ್ಷನ್ ಸೇರಿಸಲು ಹೋದಾಗ ಮೂಟೂಲ್ಸ್ ಅನ್ನುವ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಹಿಡಿದಿತ್ತು. ಅದನ್ನು ನಂಬಿದ ಹಳೆಯ ತಾಣಗಳು ಮುರಿಯಬಾರದು ಅಂತ ಹೆಸರು ಫ್ಲ್ಯಾಟ್ ಆಯಿತು. ಹಾಗಾಗಿ ನಮ್ಮಲ್ಲಿ ಯಾವುದೂ ನೇರವಾಗಿ ಒಳಗೆ ಬರುವುದಿಲ್ಲ. ಮೊದಲು ಪ್ರಯೋಗದ ಪ್ಯಾಕೇಜ್‌ಗೆ ಹೋಗುತ್ತದೆ, ಅಲ್ಲಿ ಯಾವ ಭರವಸೆಯೂ ಇಲ್ಲ. ಬಳಸಿದವರು ಹೇಳಿದ್ದು ಕೇಳಿ, ತಿದ್ದಿ, ಆಮೇಲೆ ಸ್ಥಿರ ಭಾಗಕ್ಕೆ. ಗೋ ಭಾಷೆಯ ಸ್ಲೈಸಸ್, ಮ್ಯಾಪ್ಸ್ ಪ್ಯಾಕೇಜ್‌ಗಳು ಹೀಗೇ ಪ್ರಯೋಗದ ಜಾಗದಲ್ಲಿ ಪಳಗಿ 2023ರ 1.21 ಆವೃತ್ತಿಯಲ್ಲಿ ಒಳಗೆ ಬಂದವು.

ಹೇಳದೇ ಬಿಟ್ಟ ಭರವಸೆಗಳೂ ಇರುತ್ತವೆ, ಅವು ಇನ್ನೂ ಅಪಾಯ. ಹ್ಯಾಶ್ ಟೇಬಲ್‌ನಲ್ಲಿ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಕೋಷ್ಟಕದಲ್ಲಿ) ಅಂಶಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ನಾವು ಎಲ್ಲೂ ಹೇಳಿರಲಿಲ್ಲ. ಆದರೂ ಜನ ಟೆಸ್ಟ್ ಓಡಿಸಿ ನೋಡಿ ಅದನ್ನೇ ನಂಬಿ ಕೋಡ್ ಬರೆಯುತ್ತಾರೆ. ಪೈಥಾನ್ 3.7ರಿಂದ ಡಿಕ್ಷನರಿಗೆ (ಅಲ್ಲಿನ ಹ್ಯಾಶ್ ಟೇಬಲ್‌ಗೆ) ಸೇರಿಸಿದ ಕ್ರಮವೇ ಉಳಿಯುತ್ತದೆ ಅಂತ ಮಾತು ಕೊಟ್ಟಿತು. ಗೋ ಅದರ ಉಲ್ಟಾ, ಬೇಕಂತಲೇ ಕ್ರಮವನ್ನು ಕಲಸಿಬಿಡುತ್ತದೆ. ಎರಡೂ ಪ್ರಾಮಾಣಿಕ ದಾರಿಗಳೇ. ನಾವು ಗೋ ದಾರಿ ಹಿಡಿದೆವು, ಮುಂದೆ ಹ್ಯಾಶ್ ಫಂಕ್ಷನ್ ಬದಲಿಸುವ ಸ್ವಾತಂತ್ರ್ಯ ನಮಗೆ ಬೇಕಿತ್ತು.

ಡಾಕ್ಯುಮೆಂಟೇಶನ್‌ನಲ್ಲಿರುವ ಪ್ರತಿ ಉದಾಹರಣೆಯನ್ನೂ ಟೆಸ್ಟ್ ಆಗಿ ಓಡಿಸುತ್ತೇವೆ, ಉತ್ತರ ತಪ್ಪಿದರೆ ರಿಲೀಸ್ ಆಗುವುದಿಲ್ಲ. ಮೊದಲ ಸಲ ಕೈ ಹಾಕುವವರಿಗೆ ನಾನು ಕೊಡುವ ಕೆಲಸ ಇದೇ: ಒಂದು ಫಂಕ್ಷನ್ ಆರಿಸಿ, ಅದರ ಅಂಚಿನ ಸಂದರ್ಭಕ್ಕೆ ಒಂದು ಉದಾಹರಣೆ ಬರೆಯಿರಿ. ಹೀಗೆ ಬಂದವರಲ್ಲಿ ಹಲವರು ಆಮೇಲೆ ಪ್ರಸ್ತಾಪಗಳನ್ನೇ ಬರೆದಿದ್ದಾರೆ.

ಈಗ ಕೈಯಲ್ಲಿರುವುದು ಕಾಲ ಮತ್ತು ದಿನಾಂಕದ ಪ್ರಸ್ತಾಪ. ಜಾವಾದ ಮೊದಲ ಡೇಟ್ ಕ್ಲಾಸ್‌ನಲ್ಲಿ ತಿಂಗಳು ಸೊನ್ನೆಯಿಂದ ಶುರು, ವರ್ಷ 1900ರಿಂದ. ಅದನ್ನು ಸರಿಪಡಿಸಿದ ಹೊಸ ಪ್ಯಾಕೇಜ್ ಬಂದದ್ದು 2014ರ ಜಾವಾ 8ರಲ್ಲಿ. ಹಾಗಾಗಿ ನಾವು ಅವಸರ ಮಾಡುತ್ತಿಲ್ಲ. ಕ್ಷಣ ಮತ್ತು ಅವಧಿ ಅನ್ನುವ ಎರಡು ಟೈಪ್‌ಗಳು ಮಾತ್ರ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇರಲಿ ಅನ್ನುವ ಕಡೆಗೆ ಮಾತು ವಾಲಿದೆ, ಯಾಕೆಂದರೆ ಪ್ಯಾಕೇಜ್‌ಗಳ ನಡುವೆ ಓಡಾಡುವುದು ಅವೇ. ಟೈಮ್ ಝೋನ್ ಮಾಹಿತಿ ಹೊರಗಿನ ಪ್ಯಾಕೇಜ್‌ನಲ್ಲಿ ಇರುತ್ತದೆ. ಸರ್ಕಾರಗಳು ಗಡಿಯಾರ ಬದಲಿಸಿದಾಗಲೆಲ್ಲ ಇಂಟರ್ನೆಟ್‌ನ ಸಂಖ್ಯೆ, ಹೆಸರುಗಳನ್ನು ನೋಡಿಕೊಳ್ಳುವ ಐಎಎನ್‌ಎ ಸಂಸ್ಥೆ ಆ ಮಾಹಿತಿಯನ್ನು ವರ್ಷದಲ್ಲಿ ಹಲವು ಸಲ ಹೊಸದು ಮಾಡುತ್ತದೆ, ಅದಕ್ಕಾಗಿ ಕಂಪೈಲರ್ ರಿಲೀಸ್ ಕಾಯುವಂತಾಗಬಾರದು. ಕ್ಷಣದ ಟೈಪ್ ಲೀಪ್ ಸೆಕೆಂಡನ್ನು (ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಲೆಂದು ಆಗಾಗ ಸೇರಿಸುವ ಸೆಕೆಂಡನ್ನು) ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದೊಂದೇ ಉಳಿದಿರುವ ವಾದ. 2035ರ ಒಳಗೆ ಲೀಪ್ ಸೆಕೆಂಡ್ ಪದ್ಧತಿ ನಿಲ್ಲಿಸುವ ಕಡೆಗೆ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ 2022ರಲ್ಲೇ ನಿರ್ಣಯ ತೆಗೆದುಕೊಂಡಿದೆ, ಹಾಗಾಗಿ ಬೇಡ ಅನ್ನುವುದು ನನ್ನ ಮತ. ಖಗೋಳದ ಕೆಲಸಕ್ಕೆ ನಮ್ಮ ಭಾಷೆ ಬಳಸುವವರೊಬ್ಬರು ಬೇಕೇ ಬೇಕು ಅನ್ನುತ್ತಿದ್ದಾರೆ, ತಮ್ಮ ಕೋಡ್ ಎಲ್ಲಿ ಮುರಿಯುತ್ತದೆ ಅಂತ ತೋರಿಸಿಯೂ ಇದ್ದಾರೆ. ಅವರ ಉದಾಹರಣೆಗಳನ್ನು ಟೆಸ್ಟ್‌ಗೆ ಸೇರಿಸಿದ್ದೇನೆ, ಆಕ್ಷೇಪದ ಅವಧಿ ಮುಗಿಯುವ ಮುಂಚೆ ಎರಡೂ ದಾರಿಗಳ ಮೇಲೆ ಅವನ್ನು ಓಡಿಸಿ ನೋಡಬೇಕು.